ಹೊರಗೆ ಉಳಿದ ಚುಕ್ಕಿ

ಆಗ ನನಗೆ ಅರವತ್ಮೂರು. ಹದಿನೇಳು ವರ್ಷದ ಹಿಂದಿನ ಮಾತು. ಕೋರಾಡಿ ಕಾಲೊನಿಯಲ್ಲಿ ಮಗನ ಕ್ವಾರ್ಟರ್ಸು. ಮಗ ಪಾಳಿಯ ಮೇಲೆ ಅಲ್ಲಿನ ಕರೆಂಟಿನ ಪ್ಲಾಂಟಿಗೆ ಹೋಗುತ್ತಿದ್ದ, ಸೊಸೆ ಬಸ್ಸು ಹಿಡಿದು ಪಟ್ಟಣದ ಸದರ್ ಪೇಟೆಯ ಒಂದು ಫೋಟೋ ಸ್ಟುಡಿಯೋಗೆ. ಅಲ್ಲಿ ದಿನವಿಡೀ ಪಾಸ್‌ಪೋರ್ಟ್ ಫೋಟೋ ತೆಗೆಯುವುದು ಆಕೆಯ ಕೆಲಸ. ಗದ್ದ ಮೇಲೆ, ಕಿವಿ ಕಾಣಲಿ, ನಗಬೇಡಿ.

ನಾನು ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದೆ. ಮಧ್ಯಾಹ್ನದೊಳಗೆ ಸೈಕಲ್ಲಿನವರು ಅದನ್ನು ಅಳಿಸಿಬಿಡುತ್ತಿದ್ದರು. ಕೆಲಸಕ್ಕೆ ಹೊರಡುವ ಮುಂಚೆ ಸೊಸೆ ಅದರ ಫೋಟೋ ತೆಗೆಯುತ್ತಾಳೆಂದು ಗೊತ್ತಿತ್ತು. ಯಾಕೆಂದು ಕೇಳಿರಲಿಲ್ಲ.

ಒಂದು ಭಾನುವಾರ ಊಟವಾದ ಮೇಲೆ ನನ್ನನ್ನು ಕಂಪ್ಯೂಟರ್ ಮುಂದೆ ಕೂರಿಸಿದಳು. ಒಳಗೊಂದು ಊರಿತ್ತು. ಬೇರೆ ಬೇರೆ ದೇಶದವರು ತಮ್ಮ ಮನೆಯಲ್ಲೇ ಕೂತು, ತಮಗೊಂದು ಗೊಂಬೆ ಮಾಡಿಕೊಂಡು, ಆ ಊರಲ್ಲಿ ತಿರುಗಾಡುತ್ತಾರಂತೆ. ಅಲ್ಲಿ ಒಂದು ದೊಡ್ಡ ಕೋಣೆ. ಚಿತ್ರ ಬರೆಯುವವರು, ಫೋಟೋ ತೆಗೆಯುವವರು ಅದರಲ್ಲಿ ಪ್ರದರ್ಶನ ಇಡುತ್ತಾರೆ. ಅವತ್ತು ಅದರ ಗೋಡೆ ತುಂಬ ನನ್ನ ಬಾಗಿಲ ರಂಗೋಲಿ.

"ರಂಗೋಲಿ ಗ್ವಾಡಿಗೆ ಯಾರ ಹಾಕ್ತಾರ?" ಎಂದೆ.

"ಫೋಟೋ ಅಲ್ಲೇನ್ರಿ ಅತ್ತಿ. ಗ್ವಾಡಿಗೇ ಹಾಕೋದು."

"ಆ ಕೆಂಪು ಕೂದಲದಾಕಿ ಯಾರು?"

"ನಾನ ರೀ."

"ಹಣಿಮ್ಯಾಗ ಕುಂಕುಮ ಇಲ್ಲ."

"ಅಲ್ಲಿ ಸಿಗಂಗಿಲ್ರಿ."

ಆಮೇಲೆ ವಿಷಯ ಹೇಳಿದಳು. ಕೋಣೆಯ ಒಡತಿ ಯಾವುದೋ ದೂರದ ದೇಶದವಳು, ಈಗ ನೋಡಲು ಬರುತ್ತಾಳೆ. ಮೆಚ್ಚಿದರೆ ತಿಂಗಳಿಡೀ ಫೋಟೋ ಇರುತ್ತವೆ. ಇಲ್ಲದಿದ್ದರೆ ಇವತ್ತೇ ಇಳಿಸಿ ಬೇರೆಯವರಿಗೆ ಜಾಗ ಕೊಡುತ್ತಾಳೆ. ಸೊಸೆಯ ಫೋಟೋಗಳನ್ನು ಆಕೆ ಎರಡು ಸಲ ಬೇಡವೆಂದಿದ್ದಳು. ಇದು ಮೂರನೆಯ ಸಲ. ಸೊಸೆಯ ಕೈ ಬೆವರಿ ಮೌಸು ಜಾರುತ್ತಿತ್ತು. ಓಢಣಿಗೆ ಒರೆಸಿ ಒರೆಸಿ ಹಿಡಿಯುತ್ತಿದ್ದಳು.

ಜನ ಬಂದರು. ಒಬ್ಬನಿಗೆ ರೆಕ್ಕೆ. ಒಬ್ಬಳು ಬರೀ ಎಲುಬು. ಬಂದರು, ನಿಂತರು, ಹಾರಿಹೋದರು. ಬಾಗಿಲಿನಿಂದ ಹೋಗುವ ಪದ್ಧತಿ ಅಲ್ಲಿರಲಿಲ್ಲ. ಕೊನೆಗೆ ಒಡತಿ ಬಂದಳು, ನರಿಬಾಲದವಳು. ಎಲ್ಲ ಬಿಟ್ಟು ಒಂದು ಫೋಟೋದ ಮುಂದೆ ನಿಂತಳು. ನಾನೂ ಆಗಲೇ ಅದನ್ನು ಸರಿಯಾಗಿ ನೋಡಿದ್ದು. ಹದಿನೈದು ಚುಕ್ಕಿಯ ರಂಗೋಲಿ. ಎಳೆ ಎಲ್ಲ ಚುಕ್ಕಿಯನ್ನೂ ಸುತ್ತಿ ಬಂದು ಶುರುವಾದಲ್ಲೇ ಸೇರಬೇಕು. ಬಲಗಡೆಯ ಒಂದು ಚುಕ್ಕಿ ಹೊರಗೇ ಉಳಿದಿತ್ತು. ನನ್ನ ತಪ್ಪು, ಅಷ್ಟು ದೊಡ್ಡದಾಗಿ, ಪರದೇಶದವರ ಮುಂದೆ.

ಕೆಳಗೆ ಇಂಗ್ಲಿಷ್ ಅಕ್ಷರ ಮೂಡಿದವು. ಸೊಸೆ ಓದಿ ಹೇಳಿದಳು: "ಎಲ್ಲಾದರಕಿಂತ ಇದು ಚಲೋ ಅದ ಅಂತಾಳ್ರಿ. ಆ ಚುಕ್ಕಿ ಬೇಕಂತ ಹೊರಗ ಬಿಟ್ಟದ್ದೇನು ಅಂತ ಕೇಳ್ತಾಳ. ಹೌದು ಅಂತ ಬರೀತೀನಿ."

"ಬೇಕಂತ ಯಾರ ಬಿಡ್ತಾರ? ಗ್ಯಾಸ್ ಮ್ಯಾಲ ಹಾಲಿಟ್ಟು ಬಂದಿದ್ದೆ. ಉಕ್ಕಿದ ವಾಸನಿ ಬಂತು, ಎದ್ದು ಓಡಿದೆ. ಹಂಗ ಬರಿ."

"ಜಾಗಾ ಹೋಗ್ತದ ಅತ್ತಿ!"

"ಹೋಗ್ಲಿ. ರಂಗೋಲಿ ನಂದು. ಇಷ್ಟು ವರ್ಷ ಹಾಕಿ, ಬೇಕಂತ ಕೆಡಿಸಿದ್ಲು ಅಂತ ಅನಿಸ್ಕೋಬೇಕೇನು?"

ಸೊಸೆ ನನ್ನ ಮುಖ ನೋಡಿದಳು. ಪಾಸ್‌ಪೋರ್ಟ್ ಫೋಟೋಕ್ಕೆ ಕೂತವರ ಹಾಗೆ ಕೂತಿದ್ದೆ. ಹಲ್ಲು ಕಚ್ಚಿಕೊಂಡು ಬರೆದಳು. ಹಾಲಿನದನ್ನೂ ಬರೆದಳು.

ನರಿಬಾಲದವಳು ಫೋಟೋದ ಇನ್ನೂ ಹತ್ತಿರ ಹೋದಳು. ಆಮೇಲೆ ಕೇಳಿದಳು, ಹಾಲು ಉಳಿಯಿತೇ ಎಂದು. ಅರ್ಧ ಉಳಿಯಿತೆಂದು ಹೇಳಿಸಿದೆ. ತಿಂಗಳಿಡೀ ಇರಲಿ, ಆ ಫೋಟೋವನ್ನು ಮಾತ್ರ ಎದುರಿನ ಗೋಡೆಗೆ ಹಾಕು ಎಂದಳು.

ಸೊಸೆ ನನ್ನನ್ನು ಅಪ್ಪಿಕೊಂಡಳು. ಕೈ ಇನ್ನೂ ಒದ್ದೆ ಇತ್ತು. ನನಗೆ ಮಾತ್ರ ಆ ತಪ್ಪು ಎದುರಿನ ಗೋಡೆಯ ಮೇಲೆ ತಿಂಗಳಿಡೀ ಇರುವುದು ಬರೋಬರ್ ಅನಿಸಲಿಲ್ಲ.

ಮರುದಿನ ಬೆಳಿಗ್ಗೆ ಗ್ಯಾಸ್ ಮೇಲೆ ಹಾಲಿಟ್ಟು ಹೊರಗೆ ಬಂದೆ. ಅದೇ ಹದಿನೈದು ಚುಕ್ಕಿಯದನ್ನು ಹಾಕಿದೆ. ಎಳೆ ತಪ್ಪದೆ ಪೂರ್ತಿ ಮುಗಿಸಿ, ಸೊಸೆಯನ್ನು ಕರೆದು, "ಈಗ ತಗಿ ಫೋಟೋ" ಎಂದೆ. ಹಾಲೆಲ್ಲ ಉಕ್ಕಿಹೋಗಿತ್ತು.