ಒಂದೇ ಲೈನು, ಇಬ್ಬರು ಟೀಚರು

ಆಂಧ್ರದ ಗಡಿಯ ಆದೋನಿಯ ನಮ್ಮ ಮನೆಯಲ್ಲಿ ಇಂಟರ್ನೆಟ್ ಲೈನು ಒಂದೇ, ಕಂಪ್ಯೂಟರು ಎರಡು, ಸೊಸೆಯರು ಇಬ್ಬರು. ನಾನು ಹಿರಿಸೊಸೆ. ನಾನೂ ನನ್ನ ಓರಗಿತ್ತಿಯೂ ಸರಕಾರಿ ಕನ್ನಡ ಶಾಲೆಯ ಟೀಚರುಗಳೇ. ಪಡಸಾಲೆಯ ಗೋಡೆಗೆ ಬಡಿದಿದ್ದ ವೈಫೈ ಡಬ್ಬಿಯ ಸೆಟ್ಟಿಂಗ್ ತೆರೆಯುವ ಪಾಸ್‌ವರ್ಡು ಅವಳ ಬಳಿ ಇರುತ್ತಿತ್ತು, ಕಂಪ್ಯೂಟರ್ ಕಲಿತವಳು ಅವಳೇ. ನನಗೆ ಕೇಳಬೇಕೆಂದೂ ಅನಿಸಿರಲಿಲ್ಲ. ಮನೆಯವಳೇ ಅಲ್ಲವೇ ಎಂದುಕೊಂಡಿದ್ದೆ.

ನಮ್ಮಲ್ಲಿ ಟೀಚರುಗಳ ವರ್ಗಾವಣೆ ನಡೆಯುವುದು ಆನ್‌ಲೈನಿನಲ್ಲಿ. ಬೇಕಾದ ಊರುಗಳನ್ನು ಕಂಪ್ಯೂಟರಿನಲ್ಲೇ ಸಾಲಾಗಿ ಜೋಡಿಸಿ, ಕೊನೆಯ ದಿನ ಸಂಜೆ ಐದರೊಳಗೆ ಸಬ್‌ಮಿಟ್ ಒತ್ತಬೇಕು. ಒತ್ತದವರಿಗೆ ಯಾರಿಗೂ ಬೇಡವಾಗಿ ಉಳಿದ ಊರು. ಯಾರು ಯಾವ ಊರು ಹಾಕಿದರೆಂದು ಫೋನಿನಲ್ಲಿ ಕೆದಕಿ ತಿಳಿದುಕೊಂಡು ಕೊನೆಯ ದಿನವೇ ಒತ್ತುವುದು ನಮ್ಮವರ ಚಾಳಿ. ಆ ಸಲ ಆದೋನಿಯೊಳಗೆ ಖಾಲಿ ಇದ್ದದ್ದು ಒಂದೇ ಜಾಗ. ಸರ್ವಿಸ್ಸಿನಲ್ಲಿ ನಾನು ಅವಳಿಗಿಂತ ಮುಂದೆ. ಒತ್ತಿದ್ದರೆ ಅದು ನನ್ನದೇ. ನನ್ನ ಮಗಳಿಗೆ ಆಗ ಏಳು ತಿಂಗಳು. ಮಧ್ಯಾಹ್ನ ಮನೆಗೆ ಬಂದು ಹಾಲು ಕುಡಿಸಿ ಹೋಗಬಹುದೆಂದು ಆಸೆಪಟ್ಟಿದ್ದೆ.

ಕೊನೆಯ ದಿನ ಬೆಳಿಗ್ಗೆ ಹತ್ತರಿಂದ ನನ್ನ ಪರದೆಯ ಮೇಲೆ ಚಕ್ರ ಸುಮ್ಮನೆ ತಿರುಗುತ್ತಲೇ ಇತ್ತು. ಇಂಥದ್ದಾದಾಗ ಮನೆಯೊಳಗಿನ ಲೈನನ್ನು ಯಾರೂ ಅನುಮಾನಿಸುವುದಿಲ್ಲ, ಸರಕಾರದ ಸರ್ವರಿಗೆ ಬೈಯುತ್ತೇವೆ. ನಾನೂ ಬೈದೆ. ಓರಗಿತ್ತಿ ಮಹಡಿಯಿಂದ ಇಳಿದು ಬಂದು ಮಗ್ಗುಲಲ್ಲಿ ಕೂತಳು.

"ಸರ್ವರ್ ಅಕ್ಕಾ. ಎಲ್ಲಾರದೂ ಹಿಂಗೇ ಐತಂತ."

"ಇಂಟರ್ನೆಟ್ ಅಂಗಡಿಗೆ ಹೋಗಿ ಮಾಡಿಸ್ಲೇನು?"

"ಅಲ್ಲೂ ಹಂಗೇ. ಇಂಥಾ ಬಿಸಿಲಾಗ ಕೂಸಿನ್ನ ಎತ್ಕೊಂಡು ಎಲ್ಲಿ ಹೋಗ್ತೀರಿ? ಕುಂದರ್ರಿ, ಬರ್ತೈತಿ."

ಚಹಾ ಮಾಡಿಕೊಟ್ಟಳು. ಕುಡಿದೆ, ಚೆನ್ನಾಗಿದೆ ಎಂದು ಹೊಗಳಿದೆ ಕೂಡ.

ಐದು ಹೊಡೆಯಿತು. ಆದೋನಿ ಅವಳಿಗೆ ಸಿಕ್ಕಿತು. ನನಗೆ ಆಸ್ಪರಿಯಿಂದಲೂ ಆಚೆ, ಬಸ್ಸಿಳಿದು ಹತ್ತಿ ಹೊಲಗಳ ನಡುವೆ ನಡೆಯಬೇಕಾದ ಊರು. ಬೇವಿನೆಲೆ ಅರೆದು ಮೊಲೆಗೆ ಹಚ್ಚಿಕೊಂಡು ಎಂಟು ತಿಂಗಳಿಗೇ ಮಗಳಿಗೆ ಹಾಲು ಬಿಡಿಸಿದೆ. ಬಾಯಿಟ್ಟು, ಮುಖ ಕಿವುಚಿ, ನನ್ನನ್ನೇ ನೋಡಿತು ಕೂಸು. ಪಾಠ ಮಾಡುವಾಗ ಹಾಲು ತುಂಬಿ ಕುಪ್ಪಸ ತೋಯುತ್ತಿತ್ತು. ಆಗಲೂ ನಾನು ಶಪಿಸಿದ್ದು ಸರ್ವರನ್ನೇ.

ಮೂರು ವರ್ಷದ ಮೇಲೆ ಅವಳು ಹೆರಿಗೆಗೆಂದು ತವರಿಗೆ, ನಂದವರಂಗೆ, ಹೋಗಿದ್ದಾಗ ಲೈನು ಕೆಟ್ಟಿತು. ಫೋನು ಮಾಡಿ ಕೇಳಿದರೆ, ಹಳೆಯದು ಮರೆತೇಹೋಗಿತ್ತೋ ಏನೋ, ಪಾಸ್‌ವರ್ಡು ಹೇಳಿಬಿಟ್ಟಳು. ಡಬ್ಬಿಯ ಸೆಟ್ಟಿಂಗ್ ತೆರೆದೆ. ಯಾವ ಕಂಪ್ಯೂಟರಿಗೆ ಯಾವ ಹೊತ್ತು ಇಂಟರ್ನೆಟ್ ಬಿಡಬಾರದೆಂದು ಬರೆದಿಡುವ ಪುಟವೊಂದಿತ್ತು. ಅದರಲ್ಲಿ ಒಂದೇ ಸಾಲು: ನನ್ನ ಕಂಪ್ಯೂಟರಿನ ಹೆಸರು, ಆ ವರ್ಗಾವಣೆಯ ಕೊನೆಯ ದಿನದ ತಾರೀಖು, ಬೆಳಿಗ್ಗೆ ಹತ್ತರಿಂದ ಸಂಜೆ ಐದು. ಅಳಿಸಲು ಮರೆತಿದ್ದಳು.

ಮೈಯೆಲ್ಲ ಉರಿದುಹೋಯಿತು. ಆದರೆ ಬಾಯಿ ಬಿಡಲಿಲ್ಲ, ಗಂಡನಿಗೂ ಹೇಳಲಿಲ್ಲ. ಜಗಳ ತೆಗೆದರೆ ಅತ್ತು ಕರೆದು, ತಪ್ಪಾಯಿತೆಂದು ಹೇಳಿ ಮುಗಿಸಿಬಿಡುತ್ತಿದ್ದಳು. ಅಷ್ಟು ಸಲೀಸಾಗಿ ಬಿಡುವ ಮನಸ್ಸಿರಲಿಲ್ಲ ನನಗೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಓರಗಿತ್ತಿಗೂ ಒಂದು ಕಾಲ ಇರಬೇಕು. ಹಲ್ಲು ಕಚ್ಚಿಕೊಂಡು ಕಾದೆ.

ಮರುವರ್ಷ ಮತ್ತೆ ವರ್ಗಾವಣೆ ಬಂತು. ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಿ ಅವಳ ಜಾಗ ಹೋಗಿತ್ತು, ಬೇರೆ ಶಾಲೆ ಆರಿಸಲೇಬೇಕಿತ್ತು. ಆದೋನಿಯಲ್ಲದಿದ್ದರೆ ಹತ್ತಿರದ ಆಲೂರಾದರೂ ಸಿಗಲೆಂದು ಹಂಬಲಿಸುತ್ತಿದ್ದಳು. ನಾನು ಹಿಂದಿನ ದಿನವೇ ನನ್ನದನ್ನು ಒತ್ತಿ ಮುಗಿಸಿದೆ. ಡಬ್ಬಿಯ ಪಾಸ್‌ವರ್ಡು ಬದಲಿಸಿ, ಅದೇ ಪುಟದಲ್ಲಿ ಅವಳ ಕಂಪ್ಯೂಟರಿನ ಹೆಸರು ಬರೆದೆ. ಮಹಡಿಯ ಮೇಲೆ ಅವಳ ಕೂಸು ಅತ್ತಿತು. ಅದಕ್ಕಿನ್ನೂ ವರ್ಷ ತುಂಬಿರಲಿಲ್ಲ. ಆದರೂ ಒತ್ತಿದೆ.

ಮಾರನೆಯ ದಿನ ನಾಲ್ಕು ಗಂಟೆಗೆ ಇಳಿದು ಬಂದಳು.

"ಅಕ್ಕಾ, ಡಬ್ಬಿ ಪಾಸ್‌ವರ್ಡು ತೊಗೊಳ್ಳವಲ್ದು."

"ಸರ್ವರ್ ಇರ್ಬೇಕವಾ," ಎಂದೆ.

ಅವಳ ಮುಖ ಬಿಳಿಚಿಕೊಂಡಿತು. ಅತ್ತೆ ಅಲ್ಲೇ ಶೇಂಗಾ ಸುಲಿಯುತ್ತ ಕೂತಿದ್ದರು. ನನ್ನ ಮೇಲೆ ಒಂದು ದೂರು ಹೇಳಬೇಕಾದರೂ ಅವಳು ಮೊದಲು ತನ್ನ ಕೆಲಸ ಒಪ್ಪಿಕೊಳ್ಳಬೇಕಿತ್ತು. ಇಂಟರ್ನೆಟ್ ಅಂಗಡಿಗೆ ಓಡಿದಳು. ಅಲ್ಲಿ ಟೀಚರುಗಳ ಸಾಲು ರಸ್ತೆಯವರೆಗೆ ಇತ್ತಂತೆ, ಐದರೊಳಗೆ ಅವಳ ಸರದಿ ಬರಲೇ ಇಲ್ಲವಂತೆ. ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ ಹೇಳಲಿ, ನೌಕರಿ ಸಿಕ್ಕ ದಿನವೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಆದೋನಿಯ ಇನ್ನೊಂದು ಶಾಲೆ ನನಗೆ ಬಂತು. ನಾನು ಬಿಟ್ಟುಬಂದ ಊರನ್ನು ಯಾರೂ ಕೇಳಿರಲಿಲ್ಲ. ಅದು ಅವಳ ಪಾಲಿಗೆ ಬಿತ್ತು.

ಹೊಸ ಜಾಗಕ್ಕೆ ಹೋಗುವ ದಿನ ಹಿರಿಯರ ಕಾಲು ಮುಟ್ಟುವುದು ನಮ್ಮ ಮನೆಯ ಪದ್ಧತಿ. ಅತ್ತೆಯ ಕಾಲು ಮುಟ್ಟಿ, ನನ್ನ ಮುಂದೆ ಬಂದು ನಿಂತುಬಿಟ್ಟಳು.

"ಅಕ್ಕನ ಕಾಲಿಗೂ ಬೀಳವಾ, ದೊಡ್ಡಾಕಿ ಅದಾಳ," ಎಂದರು ಅತ್ತೆ.

ಬಗ್ಗಿದಳು. ಅವಳ ತಲೆಯ ಮೇಲೆ ಕೈಯಿಟ್ಟೆ.

"ಅಲ್ಲೇ ರಿಟೈರ್ ಆಗವಾ," ಎಂದು ಹರಸಿದೆ.