ನಮ್ಮ ಒಲೆಯ ಮೇಲಿನ ಹೋಳಿಗೆ

ಬೆಲ್ಲ ಕೂಡಿ ಕುದಿಯುವ ಕಡಲೆಬೇಳೆಯ ವಾಸನೆ ಎಲ್ಲಿಂದ ಬಂದರೂ ನನಗೆ ನೆನಪಾಗುವುದು ನಮ್ಮ ಆಯಿ, ಅಪ್ಪನ ತಾಯಿ. ಗೋಕಾಕದ ನಮ್ಮ ಓಣಿಯಲ್ಲಿ ಹಬ್ಬದ ಮುಂಜಾನೆ ಯಾರದೋ ಕಿಟಕಿಯಿಂದ ಆ ವಾಸನೆ ಹೊರಬಿದ್ದರೆ ಕೆಲಸಕ್ಕೆ ಹೊರಟವಳು ಒಂದು ಗಳಿಗೆ ನಿಂತುಬಿಡುತ್ತೇನೆ. ನಾನು ಚಿಕ್ಕವಳಿದ್ದಾಗ, ಯಮಕನಮರಡಿಯ ನಮ್ಮ ಕೇರಿಯಲ್ಲಿ, ಆ ವಾಸನೆ ನಮ್ಮದಾಗಿರಲಿಲ್ಲ. ಅದು ಊರೊಳಗಿನ ಗೌಡರ ಮನೆಯದು. ವರ್ಷವಿಡೀ ಅವರ ಹೊಲದಲ್ಲಿ ದುಡಿಯುತ್ತಿದ್ದ ಆಯಿ ಹಬ್ಬದ ಸಂಜೆ ಗಡಿಗೆ ಹಿಡಿದು ಅವರ ಹಿತ್ತಲಲ್ಲಿ ನಿಲ್ಲುತ್ತಿದ್ದಳು. ಒಳಗಿನವರ ಊಟವೆಲ್ಲ ಮುಗಿದ ಮೇಲೆ, ಉಳಿದ ಹೋಳಿಗೆ, ಅನ್ನ, ಸಾರು ಎಲ್ಲವೂ ಮೇಲಿನಿಂದ ಆ ಒಂದೇ ಗಡಿಗೆಗೆ ಬೀಳುತ್ತಿತ್ತು. ಮನೆಗೆ ತರುವಷ್ಟರಲ್ಲಿ ಹೋಳಿಗೆ ಸಾರಿನಲ್ಲಿ ನೆನೆದು ಮೆತ್ತಗಾಗಿರುತ್ತಿತ್ತು. ನಾನೂ ನನ್ನ ತಮ್ಮನೂ ಬೆರಳು ನೆಕ್ಕಿ ತಿನ್ನುತ್ತಿದ್ದೆವು. ಆಯಿ ಮಾತ್ರ ಹಸಿವಿಲ್ಲವೆಂದು ಹೇಳಿ, ಮುಂಜಾನೆಯ ರೊಟ್ಟಿ ಮುರಿದುಕೊಂಡು ಮೂಲೆಯಲ್ಲಿ ಕೂಡುತ್ತಿದ್ದಳು.

ಒಂದು ಸಲ ಶಾಲೆಯಲ್ಲಿ ಹೋಳಿಗೆಯ ಮಾತು ಬಂದಾಗ, ಅದು ಒದ್ದೆಯಾಗಿ ಖಾರಖಾರ ಇರುತ್ತದೆ ಎಂದುಬಿಟ್ಟೆ. ಹುಡುಗಿಯರೆಲ್ಲ ನಕ್ಕರು. ಯಾಕೆ ನಕ್ಕರೆಂದು ಮನೆಗೆ ಬಂದು ಆಯಿಯನ್ನು ಕೇಳಿದೆ. ಆ ವರ್ಷದ ದೀಪಾವಳಿಗೆ ಆಯಿ ತಾನೇ ಅಂಗಡಿಯಿಂದ ಬೇಳೆ, ಬೆಲ್ಲ ತಂದಳು. ಹೂರಣ ಅರೆಯಲು ನಮ್ಮಲ್ಲಿ ಬೇರೆ ಕಲ್ಲಿರಲಿಲ್ಲ. ಖಾರ ಅರೆಯುವ ಕಲ್ಲನ್ನೇ ಅವ್ವ ತಿಕ್ಕಿ ತಿಕ್ಕಿ ತೊಳೆದಳು. ಲಟ್ಟಿಸಿದ ಹೋಳಿಗೆ ಹಂಚಿನ ಮೇಲೆ ಹರಿದು, ಹೂರಣ ಸುರಿದು ಕರಕಾಗಿ ಮನೆಯೆಲ್ಲ ಹೊಗೆ. ಅಷ್ಟು ತೊಳೆದರೂ ಕೊನೆಗೆ ನಾಲಿಗೆಯ ಮೇಲೆ ಸಣ್ಣಗೆ ಮೆಣಸಿನಕಾಯಿ ಚುರುಕ್ ಎನ್ನುತ್ತಿತ್ತು. ಆದರೆ ಅದು ಒಣಗಿತ್ತು, ಬಿಸಿಯಾಗಿತ್ತು. ಆಯಿ ಅವತ್ತು ಹಸಿವಿಲ್ಲ ಎನ್ನಲಿಲ್ಲ.

ನಾವು ಉಣ್ಣುತ್ತಿರುವಾಗಲೇ ಗೌಡರ ಮನೆಯ ಆಳು ಬಂದು ಬಾಗಿಲಲ್ಲಿ ನಿಂತ. ಇಷ್ಟು ಹೊತ್ತಾದರೂ ಯಾಕೆ ಬರಲಿಲ್ಲ, ಗಡಿಗೆ ತೆಗೆದುಕೊಂಡು ಬಾ ಎಂದು ಕರೆಕಳಿಸಿದ್ದರು. ಆಯಿ ಕೈ ತೊಳೆಯದೆಯೇ ಎದ್ದು ನಿಂತಳು.

“ಇವತ್ತ ನಮ್ಮ ಮನ್ಯಾಗೂ ಹಬ್ಬ ಐತಿ. ಗೌಡ್ರಿಗೆ ಹೇಳು, ಇಲ್ಲೇ ಉಣ್ಣಾಕ ಬರ್ರಿ ಅಂತ.”

ಆಳು ಹೊರಟುಹೋದ. ಗೌಡರು ಬರಲಿಲ್ಲ, ಆಯಿಯನ್ನು ಮತ್ತೆ ಹೊಲಕ್ಕೂ ಕರೆಯಲಿಲ್ಲ. ಆ ಹಂಗಾಮೆಲ್ಲ ಅವಳೂ ಅವ್ವನೂ ಕತ್ತಲಿರುವಾಗಲೇ ಎದ್ದು, ಟೆಂಪೊ ಹತ್ತಿ, ಪರವೂರಿನ ಹೊಲಗಳಿಗೆ ಕೂಲಿಗೆ ಹೋದರು. ಒಂದು ಗಡಿಗೆ ಹಿಡಿದು ನಿಂತಿದ್ದರೆ ಇಷ್ಟು ದೂರ ಸಾಯಬೇಕಿರಲಿಲ್ಲ ಎಂದು ಅವ್ವ ಒಮ್ಮೊಮ್ಮೆ ಗೊಣಗುತ್ತಿದ್ದಳು. ಆಯಿ ಮುಂದಿನ ಯುಗಾದಿಗೆ ಮತ್ತೆ ಬೇಳೆ ತಂದಳು.

ಕೆಲವು ವರ್ಷಗಳ ಮೇಲೆ, ಹುಕ್ಕೇರಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದ ಕಾಕಾ, ಅಪ್ಪನ ತಮ್ಮ, ಬುದ್ಧನ ಪಟ ತಂದು ಗೋಡೆಗೆ ಹಾಕಿದರು. ನಾವೆಲ್ಲ ಬೌದ್ಧ ದೀಕ್ಷೆ ತೆಗೆದುಕೊಂಡೆವು. ಜಗುಲಿಯ ಹಳೆಯ ದೇವರುಗಳು ಹೋದವು, ಜೊತೆಗೆ ದೀಪಾವಳಿ, ಯುಗಾದಿಗಳೂ ಹೋದವು. ಆಯಿ ಯಾವುದಕ್ಕೂ ಅಡ್ಡ ಬರಲಿಲ್ಲ. ಆದರೆ ಹೋಳಿಗೆಯೂ ಬೇಡ, ಅದು ಅವರ ಹಬ್ಬದ ಅಡುಗೆ ಎಂದು ಕಾಕಾ ಹೇಳಿದಾಗ ಅವಳು ಒಪ್ಪಲಿಲ್ಲ.

“ದೇವ್ರನ್ನ ಬಿಡು ಅಂದಿ, ಬಿಟ್ಟೇನಿ. ಹೋಳಿಗಿ ಯಾಕ ಬಿಡ್ಲಿ? ಬ್ಯಾಳಿ ಬೆಳದಾಕಿ ನಾ, ಕಬ್ಬ ಕಡದಾಕಿ ನಾ. ಅದು ಅವರ್ದ ಹ್ಯಾಂಗ ಆತು?”

ಓದಿಕೊಂಡಿದ್ದ ಕಾಕಾ ತಾವೇ ತಾಟು ಇಟ್ಟುಕೊಂಡು ಕೂತರು. ಅಂದಿನಿಂದ ಬುದ್ಧ ಪೌರ್ಣಿಮೆ ನಮ್ಮ ಮನೆಯ ಹೋಳಿಗೆಯ ದಿನವಾಯಿತು.

ಈಗ ಆಯಿ ಇಲ್ಲ, ಅವ್ವ ಇಲ್ಲ, ಕಾಕಾ ಇಲ್ಲ. ರಸ್ತೆ ಅಗಲ ಮಾಡುವಾಗ ಆ ಮನೆಯೂ ಹೋಯಿತು. ಅದಿದ್ದ ಜಾಗದ ಮೇಲೆ ಲಾರಿಗಳು ಓಡುತ್ತವೆ. ಬಸ್ಸಿನಲ್ಲಿ ಹೋಗುವಾಗ ನಮ್ಮ ಅಡುಗೆಮನೆ ಎಲ್ಲಿತ್ತೆಂದು ತೋರಿಸಲೂ ನನಗಾಗುವುದಿಲ್ಲ. ಪೌರ್ಣಿಮೆಗೆ ಎಲ್ಲರೂ ಗೋಕಾಕದ ನನ್ನ ಮನೆಗೆ ಬರುತ್ತಾರೆ. ತಮ್ಮನಿಗೆ ಸಕ್ಕರೆ ಕಾಯಿಲೆ, ಅವನಿಗೆಂದು ಅವನ ಸೊಸೆ ಖರ್ಜೂರದ ಹೂರಣ ಮಾಡುತ್ತಾಳೆ. ಹುಡುಗರಿಗೆ ಪನೀರು ಬೇಕು. ಈ ವರ್ಷ ತಮ್ಮ, ಅಕ್ಕಾ, ನಿನಗೂ ವಯಸ್ಸಾಯಿತು, ಎಲ್ಲ ಹೊರಗಿನಿಂದ ತರಿಸೋಣ ಎಂದ. ಪನೀರು ತರಿಸು, ಜಾಮೂನು ತರಿಸು, ಹೋಳಿಗೆ ಮಾತ್ರ ನಮ್ಮ ಒಲೆಯ ಮೇಲೇ ಆಗಬೇಕು ಎಂದೆ. ಹೂರಣ ಯಾವುದಾದರೂ ಇರಲಿ, ಅದರ ಜಗಳ ನನಗಿಲ್ಲ.

ನಮ್ಮ ಬಳಿ ಆಯಿಯದೊಂದು ಫೋಟೊ ಕೂಡ ಇಲ್ಲ. ಅವಳ ಮುಖ ನನ್ನ ಜೊತೆಗೇ ಹೋಗುತ್ತದೆ. ಹೆಸರು ಹೋಗಬಾರದೆಂದು, ಊಟಕ್ಕೆ ಮುಂಚೆ ಮಕ್ಕಳಿಂದ ಅದನ್ನು ಹೇಳಿಸುತ್ತೇನೆ. ಈ ಸಲ ತಮ್ಮನ ಮೊಮ್ಮಗಳ ಸರದಿ. ಅವಳು ನಾಚಿಕೊಂಡು ಸಣ್ಣ ದನಿಯಲ್ಲಿ, “ಸತ್ತೆವ್ವ,” ಎಂದಳು. ಇನ್ನೂ ಜೋರಾಗಿ ಹೇಳು ಎಂದೆ. ಹೇಳಿದಳು. ಬಾಗಿಲು ತೆರೆದೇ ಇತ್ತು, ಓಣಿಗೆಲ್ಲ ಕೇಳಿಸಿತು.