ಡಾಕ್ಟರ್‌ಬಾಯಿ ಮತ್ತು ಏರಿದ ನಂಬರು

ಡಾಕ್ಟರ್‌ಬಾಯಿಯ ಕೈಗಳು ಯಾವಾಗಲೂ ತಣ್ಣಗಿರುತ್ತಿದ್ದವು. ಪುಣೆಯ ಮೇ ತಿಂಗಳ ಬಿಸಿಲಿನಲ್ಲೂ ಅಷ್ಟೇ. ಅದಕ್ಕೇ ಪೇಶಂಟಿನ ಹೊಟ್ಟೆ ಮುಟ್ಟುವ ಮೊದಲು ಚಹಾದ ಗ್ಲಾಸನ್ನು ಎರಡೂ ಅಂಗೈಗಳ ನಡುವೆ ಹಿಡಿದು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಆ ಚಹಾ ಕುಡಿದದ್ದನ್ನು ನಾನಂತೂ ನೋಡಿಲ್ಲ. ಗಿಡ್ಡ ದೇಹ, ಕಾಟನ್ ಸೀರೆ, ಬಿಳಿ ಕೋಟಿನ ಕಿಸೆಯಲ್ಲಿ ಬಡೇಸೋಪಿನ, ಅಂದರೆ ಸೋಂಪುಕಾಳಿನ, ಪೊಟ್ಟಣ. ನನ್ನ ಹೊಟ್ಟೆ ಕೊಯ್ಯುವವರು ಇವರೇನಾ ಎಂದು ಮೊದಲ ದಿನ ನನ್ನ ಜೀವ ಬಾಯಿಗೆ ಬಂದಿತ್ತು.

ನನ್ನ ಲಿವರಿನಲ್ಲಿ ಗಡ್ಡೆಯಿತ್ತು. ಕ್ಯಾನ್ಸರ್. ಮದುವೆಯ ಸೀರೆಗಳ ಮಡಿಕೆ ಕೂಡ ಇನ್ನೂ ಬಿಚ್ಚಿರಲಿಲ್ಲ. ಖಡಕಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಗಂಡ, ಜೊತೆಗೆ ಅತ್ತೆ, ಇಬ್ಬರೂ ನನ್ನನ್ನು ಶಿವಾಜಿನಗರದ ಆಸ್ಪತ್ರೆಗೆ ಕರೆತಂದರು. ಡಾಕ್ಟರ್‌ಬಾಯಿ ಮರಾಠಿಯಲ್ಲಿ ಏನೇನೋ ಕೇಳುತ್ತ ಹೊಟ್ಟೆ ಒತ್ತಿದರು. "ಯವ್ವಾ, ಸತ್ತೆ!" ಎಂದು ನಾನು ಚೀರಿದೆ. ಅವರು ಕೈ ತೆಗೆದು ನಕ್ಕೇಬಿಟ್ಟರು. "ಸಾಯಾಕ ನಾ ಬಿಟ್ರ ಅಲ್ಲವಾ ತಂಗಿ! ಯಾವೂರಾಕಿ ನೀ?" ಡಾಕ್ಟರ್‌ಬಾಯಿ ವಿಜಯಪುರದ ಕಡೆಯವರಂತೆ. ಅಂದಿನಿಂದ ನಮ್ಮ ಮಾತೆಲ್ಲ ಕನ್ನಡದಲ್ಲೇ, ಬೈಗುಳವೂ ಕನ್ನಡದಲ್ಲೇ.

ಬೈಯುವುದರಲ್ಲಿ ಅವರು ಯಾರನ್ನೂ ಬಿಡುತ್ತಿರಲಿಲ್ಲ. ಒಮ್ಮೆ ನನ್ನ ಗಂಡ ಹಿಂದಿನಿಂದ ಹೋಗಿ, "ಬಾಯಾರ, ಖರೇ ಸುದ್ದಿ ನನಗಷ್ಟ ಹೇಳ್ರಿ, ಆಕಿಗೆ ಬ್ಯಾಡ" ಎಂದು ಪಿಸುಗುಟ್ಟಿದ. "ಹೊಟ್ಟಿ ಆಕಿದು, ಸುದ್ದಿನೂ ಮೊದಲ ಆಕಿಗೇ. ನೀ ಹೊರಗ ನಡಿ" ಎಂದು ಅವನನ್ನು ಅಟ್ಟಿದರು. ಪಾಪ, ಅವನ ಮುಖ ನೋಡಬೇಕಿತ್ತು!

ಆಪರೇಷನ್ ಚೆನ್ನಾಗಿಯೇ ಆಯಿತು. ಆಮೇಲೆ ಶುರುವಾದದ್ದು ನಂಬರಿನ ಕಾಟ. ಗಡ್ಡೆ ರಕ್ತಕ್ಕೆ ಬಿಡುವ ಎ.ಎಫ್.ಪಿ. ಎಂಬ ಅಂಶವನ್ನು ಅಳೆಯುವ ಒಂದು ರಕ್ತಪರೀಕ್ಷೆ. ಗಡ್ಡೆ ಇದ್ದಾಗ ನನ್ನದು ಎಲ್ಲಿಗೋ ಏರಿತ್ತು, ತೆಗೆದ ಮೇಲೆ ಇಳಿಯಿತು. ಮತ್ತೆ ಏರಿದರೆ ರೋಗ ಮರಳಿ ಬಂತೇನೋ ಎಂಬ ಸಂಶಯ. ಕೆಲವು ತಿಂಗಳಿಗೊಮ್ಮೆ ರಕ್ತ ಕೊಡುವುದು, ಗಂಡನ ಫೋನಿಗೆ ರಿಪೋರ್ಟ್ ಬರುವುದು, ನಂಬರು ಕೆಳಗಿದ್ದರೆ ಅತ್ತೆ ಹೋಳಿಗೆ ಮಾಡುವುದು. ನಾನು ಪ್ರತಿ ಸಲವೂ, "ಬಾಯಾರ, ಇದನ್ನ ನೋಡಿ ನಾ ಎಷ್ಟು ವರ್ಷ ಬದುಕ್ತೀನಿ ಹೇಳ್ರಿ" ಎಂದು ಗಂಟುಬೀಳುತ್ತಿದ್ದೆ. ಅವರು ಬಡೇಸೋಪು ಬಾಯಿಗೆ ಹಾಕಿಕೊಂಡು, "ಗಿಳಿಶಾಸ್ತ್ರ ಹೇಳಾಕಿ ಏನು ನಾ? ನಂಬರ್ ಬಾಗಲಾ ಬಡೀತದ ಅಷ್ಟ. ಯಾರು ಬಂದಾರ ಅಂತ ನಾವ ಎದ್ದು ನೋಡಬೇಕು" ಎನ್ನುತ್ತಿದ್ದರು.

ಎರಡು ವರ್ಷ ಹೀಗೇ ಕಳೆಯಿತು. ಇನ್ನು ಮಕ್ಕಳಾದರೂ ಅಡ್ಡಿಯಿಲ್ಲ ಎಂದು ಅವರೇ ಹೇಳಿದ್ದರು. ಆದರೆ ಆಪರೇಷನ್ ಆದಾಗಿನಿಂದ ನನ್ನ ಮುಟ್ಟು ನೆಟ್ಟಗಿರಲಿಲ್ಲ. ಆ ಆಸೆಯನ್ನೇ ನಾನು ಬಿಟ್ಟಿದ್ದೆ.

ಒಂದು ದಿನ ರಿಪೋರ್ಟ್ ತೋರಿಸಲು ಸ್ಕೂಟರಿನಲ್ಲಿ ಆಸ್ಪತ್ರೆಗೆ ಹೋಗುವಾಗ ನನ್ನ ಗಂಡ ಸಿಗ್ನಲ್ಲಿನಲ್ಲಿ ಯಾರನ್ನೂ ಬೈಯಲಿಲ್ಲ. ಅಡ್ಡ ಬಂದ ರಿಕ್ಷಾದವನಿಗೂ ಸುಮ್ಮನೆ ದಾರಿ ಬಿಟ್ಟ. ನನಗೆ ಆಗಲೇ ತಿಳಿಯಿತು. "ನಂಬರ್ ಏರೇದೇನ್ರಿ?" ಎಂದೆ. ಅವನು ಸ್ಕೂಟರನ್ನು ಇನ್ನೂ ನಿಧಾನ ಮಾಡಿದ.

ಆಸ್ಪತ್ರೆಯಲ್ಲಿ ಜೂನಿಯರ್ ಡಾಕ್ಟರು ರಿಪೋರ್ಟ್ ನೋಡಿದ್ದೇ ಸಿ.ಟಿ. ಸ್ಕ್ಯಾನಿಗೆ ಚೀಟಿ ಬರೆಯತೊಡಗಿದರು. "ಥಾಂಬ ಜರಾ" ಎಂದು ಡಾಕ್ಟರ್‌ಬಾಯಿ ತಡೆದರು. ನನ್ನನ್ನೇ ದಿಟ್ಟಿಸಿ ನೋಡಿ, "ಊಟ ಹೋಗ್ತದೇನು?" ಎಂದರು.

"ಎಲ್ಲೀ ಊಟ ಬಾಯಾರ. ಒಗ್ಗರಣಿ ವಾಸನಿ ಬಂದ್ರ ಸಾಕು, ಹೊಟ್ಟಿ ತೊಳಸ್ತದ."

ಗಂಡನ ಮುಖ ಬಿಳಿಚಿಕೊಂಡಿತು. ಹಿಂದೆ ರೋಗ ತಲೆಯೆತ್ತಿದಾಗಲೂ ನನಗೆ ಊಟ ಸೇರುತ್ತಿರಲಿಲ್ಲ.

"ಮುಟ್ಟಾಗಿ ಎಷ್ಟು ದಿನ ಆತು?"

ನನಗೆ ಮೈಯೆಲ್ಲ ಉರಿದುಹೋಯಿತು. "ನೆನಪಿಲ್ರಿ! ಸಾಯೂ ಹೊತ್ತಿನ್ಯಾಗ ಅದನ್ನ ಕಟಗೊಂಡು ಏನ್ ಮಾಡ್ತೀರಿ?"

"ಬಾಯಿ ಮುಚ್ಚು. ಮೊದಲ ಮೂತ್ರ ಪರೀಕ್ಷಾ ಮಾಡಿಸ್ಕೊಂಡು ಬಾ. ಸ್ಕ್ಯಾನ್ ಆಮ್ಯಾಲ."

ನಾನು ಬಸುರಿಯಾಗಿದ್ದೆ. ಮೂರು ತಿಂಗಳು ದಾಟಿತ್ತಂತೆ. "ಹೊಟ್ಟ್ಯಾಗಿನ ಕೂಸೂ ಈ ಎ.ಎಫ್.ಪಿ. ತಯಾರ ಮಾಡ್ತದವಾ. ಅದ ನಿನ್ನ ರಕ್ತದಾಗ ಬಂದು ನಂಬರ್ ಏರಿರಬೇಕು" ಎಂದರು ಡಾಕ್ಟರ್‌ಬಾಯಿ. ನನ್ನ ಗಂಡ ಎಲ್ಲರ ಎದುರಿಗೇ ನೆಲದ ಮೇಲೆ ಕುಕ್ಕರಿಸಿದ. ನಮ್ಮ ಹಿಂದೆಯೇ ರಿಕ್ಷಾದಲ್ಲಿ ಬಂದಿದ್ದ ಅತ್ತೆ ಅಳಬೇಕೋ ನಗಬೇಕೋ ತಿಳಿಯದೆ ನನ್ನ ತಲೆ ಸವರಿದ್ದೇ ಸವರಿದ್ದು. ಅಂದೇ ಸೋನೋಗ್ರಫಿಯೂ ಆಯಿತು. ಲಿವರಿನಲ್ಲಿ ಏನೂ ಕಾಣಲಿಲ್ಲ.

ಆದರೆ ಡಾಕ್ಟರ್‌ಬಾಯಿ ಪೂರ್ತಿ ನಗಲಿಲ್ಲ. "ಹಡಿಯೂತನಕ ಈ ನಂಬರ್ ನಮಗ ಉಪಯೋಗಿಲ್ಲ. ಅದರಾಗ ಕೂಸಿಂದ ಎಷ್ಟು, ರೋಗದ್ದ ಎಷ್ಟು, ಹ್ಯಾಂಗ ಗೊತ್ತಾಗಬೇಕು? ಸೋನೋಗ್ರಫಿ ಮಾಡ್ಕೋತ ಹೋಗೋಣು. ಹಡದ ಮ್ಯಾಲ ಇಳೀಬೇಕು. ಇಳೀತು ಅಂದ್ರ ಗೆದ್ದಿ." ಆ ಮೇಲಿನ ತಿಂಗಳುಗಳಲ್ಲಿ ನಾನು ಹೋದಾಗೆಲ್ಲ ಅವರದು ಒಂದೇ ಮಾತು: "ಉಣ್ಣು. ಮಲಕೋ. ಚಿಂತಿ ಮಾಡಾಕ ನನಗ ಪಗಾರ ಕೊಡ್ತಾರ, ನಿನಗಲ್ಲ." ಅವರು ಇಷ್ಟು ಆರಾಮವಾಗಿ ಇದ್ದಾರೆಂದರೆ ಏನೂ ಇರಲಾರದು ಎಂದು ನಾನೂ ಗಡದ್ದಾಗಿ ಉಂಡೆ, ನಿದ್ದೆ ಮಾಡಿದೆ, ಡೊಳ್ಳೊಟ್ಟೆ ಹೊತ್ತುಕೊಂಡು ಖಡಕಿ ಬಜಾರೆಲ್ಲ ಸುತ್ತಿದೆ.

ಮಗಳು ಹುಟ್ಟಿದಳು. ಕೆಲವು ವಾರ ಬಿಟ್ಟು ರಕ್ತ ಕೊಟ್ಟುಬಂದೆ. ಮರುದಿನ ಮಧ್ಯಾಹ್ನ ಕೂಸಿಗೆ ಹಾಲು ಕುಡಿಸುತ್ತಿದ್ದಾಗ ಡಾಕ್ಟರ್‌ಬಾಯಿಯದೇ ಫೋನು ಬಂತು.

"ಇಳದದ ತಂಗಿ. ಪೂರಾ ಇಳದದ."

"ಬಾಯಾರ? ಅದೀರೇನ್ರಿ?" ಎಂದೆ.

"ಅದೀನವಾ." ಚಹಾದ ಗ್ಲಾಸು ಕೆಳಗಿಟ್ಟ ಸಪ್ಪಳವಾಯಿತು. "ಇಷ್ಟು ತಿಂಗಳು ನಾ ಭಾಳ ಅಂಜಿದ್ದೆ."

ಅವರು ಈಗ ನಿವೃತ್ತರಾಗಿದ್ದಾರೆ. ನನ್ನ ಮಗಳು ಶಾಲೆಗೆ ಹೋಗುತ್ತಾಳೆ. ಆಪರೇಷನ್ನಿನ ದಿನವೂ ಅಳದಿದ್ದ ನಾನು ಅಂದು ಫೋನು ಹಿಡಿದುಕೊಂಡೇ ಗೊಳೋ ಎಂದು ಅತ್ತುಬಿಟ್ಟೆ. ನನ್ನ ಪಾಲಿನ ಅಂಜಿಕೆಯನ್ನೆಲ್ಲ ಅವರೊಬ್ಬರೇ ಹೊತ್ತುಕೊಂಡು ತಿಂಗಳುಗಟ್ಟಲೆ ನನ್ನನ್ನು ನಿದ್ದೆ ಮಾಡಲು ಬಿಟ್ಟಿದ್ದರು. ಅಷ್ಟು ಅತ್ತರೂ ಅಂದು ಅವರು ನನ್ನನ್ನು ಬೈಯಲಿಲ್ಲ.